ಶುದ್ಧ ಗಾಂಧಾರ ಹಾಡು ನೋಡೋಣ

ಪ್ರಶ್ನೆ: ಮೇಡಂ, ನಾನು ಬೇಲೂರಿನವಳು. ಪಿಯುಸಿ ಮುಗಿದಿದೆ, ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಪಾಸಾಗಿದೆ. ಮೈಸೂರಿಗೆ ಹೋಗಿ ಸಂಗೀತದಲ್ಲೇ ಡಿಗ್ರಿ, ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವ ಆಸೆ. ಆದರೆ ಸಿಲಬಸ್ ನೋಡಿದರೆ ಇತಿಹಾಸ, ಲಕ್ಷಣಗ್ರಂಥ ಅಂತಲೇ ಜಾಸ್ತಿ ಇದೆ. ಹಾಡುವವಳಿಗೆ ಇಷ್ಟೆಲ್ಲ ಬಾಯಿಪಾಠ ಯಾಕೆ? ಅಪ್ಪನಂತೂ ಬಿ.ಕಾಂ. ಮಾಡು, ಹಾಡೋದನ್ನ ಸಂಜೆಗೆ ಇಟ್ಕೋ ಅಂತಾರೆ.
– ಹೆಸರು ಬೇಡ, ಬೇಲೂರು

ಉತ್ತರ: ಬಾಯಿಪಾಠ ಅಂದೆಯಲ್ಲ, ನಾನೂ ಹಾಗೇ ಓದಿದವಳು ಕಣಮ್ಮ. ಎಂ.ಎ. ಪರೀಕ್ಷೆಯಲ್ಲಿ ವೆಂಕಟಮಖಿಯ ‘ಚತುರ್ದಂಡಿ ಪ್ರಕಾಶಿಕೆ’ ಎಂಬ ಸಂಗೀತಶಾಸ್ತ್ರದ ಗ್ರಂಥದ ಬಗ್ಗೆ ಎಂಟು ಪುಟ ಗೀಚಿ ಬಂದಿದ್ದೆ. ಮಾರನೇ ದಿನ ವೈವಾ. ಪರೀಕ್ಷಕರು ವಯಸ್ಸಾದವರು, ಮುಖದಲ್ಲಿ ನಗುವೇ ಇಲ್ಲ. ‘ಚತುಶ್ರುತಿ ರಿಷಭ ಹಾಡಮ್ಮ’ ಅಂದರು. ಹಾಡಿದೆ. ‘ಈಗ ಶುದ್ಧ ಗಾಂಧಾರ ಹಾಡು ನೋಡೋಣ’ ಅಂದರು. ರಿ ಆದಮೇಲೆ ಗ, ಗಾಂಧಾರ ಅಂದಮೇಲೆ ಮೇಲಿರಬೇಕು ತಾನೇ? ಒಂದು ಎಳೆ ಮೇಲಕ್ಕೆ ಹೋದೆ. ‘ಎಲ್ಲಿಗೆ ಹೊರಟೆ? ಎರಡೂ ಒಂದೇ ಜಾಗ ಅಲ್ವೇನಮ್ಮ?’ ಅಂದರು. ಸ್ವರಸ್ಥಾನ 12, ಹೆಸರು 16 ಅಂತ ಹಿಂದಿನ ದಿನ ನಾನೇ ಬರೆದು, ಅಡಿಗೆರೆಯನ್ನೂ ಎಳೆದಿದ್ದೆ. ಕಿವಿಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ.

ಹಾಸನಕ್ಕೆ ವಾಪಸ್ ಬಂದು ಚಿಕ್ಕಮ್ಮನ ವೀಣೆ ಮುಂದೆ ಕೂತೆ. ಮೇಣದ ಮೇಲೆ ಗಟ್ಟಿಯಾಗಿ ಕೂರಿಸಿದ 24 ಮೆಟ್ಟಿಲು, ಒಂದು ಸ್ಥಾಯಿಗೆ 12. ಈ ವೀಣೆಗೆ ಈಗಿನ ರೂಪ ಬಂದದ್ದು 17ನೇ ಶತಮಾನದ ತಂಜಾವೂರಿನಲ್ಲಿ, ರಘುನಾಥ ನಾಯಕನ ಕಾಲದಲ್ಲಿ ಎನ್ನುತ್ತಾರೆ. ಅವನ ಮಂತ್ರಿ ಗೋವಿಂದ ದೀಕ್ಷಿತ. ದೀಕ್ಷಿತರ ಮಗನೇ ವೆಂಕಟಮಖಿ. ಮೆಟ್ಟಿಲು ಅಲುಗಾಡದೆ ಕೂತರೆ ಲೆಕ್ಕ ಹಾಕುವುದು ಸುಲಭ. ರಿ-ಗ ಜೋಡಿ ಆರು ಥರ, ದ-ನಿ ಜೋಡಿ ಆರು ಥರ, ಆರಾರಲೆ 36. ಮಧ್ಯಮ ಎರಡು, ಅಲ್ಲಿಗೆ 72 ಮೇಳ, ಅಂದರೆ ರಾಗಗಳಿಗೆ ಮೂಲವಾದ ಸ್ವರಸಾಲುಗಳು. ಅವುಗಳಲ್ಲಿ ಬಳಕೆಯಲ್ಲಿದ್ದವು ಅಂತ ವೆಂಕಟಮಖಿ ವಿವರಿಸಿದ್ದು ಬರೀ 19. ಮಿಕ್ಕ 53 ಮೇಳಗಳಿಗೆ ಲೆಕ್ಕದಲ್ಲಿ ಜಾಗ ಇತ್ತು, ಯಾರ ಗಂಟಲಲ್ಲೂ ಇರಲಿಲ್ಲ! ಅಪ್ಪ-ಮಗನ ಈ ಕತೆ ನನಗೆ ಅರ್ಥವಾದದ್ದು ಬೆರಳಿನಿಂದ. ಎಂಟು ಪುಟದಲ್ಲಿ ಆಗದ್ದು ಒಂದು ಸಂಜೆಯಲ್ಲಿ ಆಯಿತು.

ನಿನ್ನ ಊರಲ್ಲೇ ಇನ್ನೊಂದು ಗ್ರಂಥ ಇದೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನ. ಶಿಲಾಬಾಲಿಕೆಯರ ಫೋಟೋ ತೆಗೆದು ಬಂದರೆ ಸಾಲದು, ಅವರ ಕೈಯಲ್ಲಿ ಏನಿದೆ ನೋಡು. ನಾನು ಪ್ರತಿ ವರ್ಷ ಹುಡುಗರನ್ನು ಹಳೇಬೀಡಿಗೆ ಕರೆದುಕೊಂಡು ಹೋಗುತ್ತಿದ್ದೆ. ಕಂಡ ವಾದ್ಯವನ್ನೆಲ್ಲ ಬರೆದುಕೊಳ್ಳಬೇಕು, ಇಷ್ಟೇ ಕೆಲಸ. ಒಬ್ಬ ಹುಡುಗ ಎರಡು ಸುತ್ತು ಹಾಕಿ ಬಂದು, ‘ಮೇಡಂ, ಡೋಲು ಬೇಕಾದಷ್ಟಿವೆ, ವಯಲಿನ್ ಒಂದೂ ಇಲ್ಲ’ ಅಂದ. ಉಳಿದವರು ಗೊಳ್ಳೆಂದು ನಕ್ಕರು. ಅವನು ಕೇಳಿದ್ದು ಒಳ್ಳೇ ಪ್ರಶ್ನೆ. ವಯಲಿನ್ ನಮ್ಮ ಕಛೇರಿಗೆ ಬಂದದ್ದು 19ನೇ ಶತಮಾನದಲ್ಲಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಮದರಾಸಿನಲ್ಲಿ ಕಲಿತವರು. ‘ಅನಾದಿ ಕಾಲದಿಂದ’ ಅಂತ ಉತ್ತರ ಬರೆಯುವ ಚಟ ಆ ಹುಡುಗನಿಗೆ ಅವತ್ತೇ ಬಿಟ್ಟುಹೋಯಿತು.

ಇನ್ನು ಅಪ್ಪನ ಮಾತು. ಅವರು ಹೆದರುವುದು ತಪ್ಪಲ್ಲ. ಕಾಲೇಜು ಕೆಲಸಕ್ಕೆ ಸ್ನಾತಕೋತ್ತರದಲ್ಲಿ ಶೇ. 55 ಅಂಕ ಬೇಕು, ಮೀಸಲಾತಿ ಇದ್ದರೆ ಶೇ. 50. ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸು ಮಾಡಿಕೊಂಡರೆ ದಾರಿ ಸಲೀಸು. ನೆಟ್‌ನಲ್ಲಿ ಹಾಡು ಅನ್ನುವವರು ಯಾರೂ ಇಲ್ಲ. ಮೂರು ಗಂಟೆ, 150 ಪ್ರಶ್ನೆ. ನೀನು ಬೇಡ ಅನ್ನುವ ಇತಿಹಾಸವೇ ಅಲ್ಲಿ ಅನ್ನ ಹಾಕುವುದು. ಇಷ್ಟೆಲ್ಲ ಆದರೂ ಖಾಯಂ ಹುದ್ದೆ ಕಡಿಮೆ. ನಾನೇ ಒಂದು ಕಾಲೇಜಿನಲ್ಲಿ ಒಂಬತ್ತು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಸಂಬಳ ಆರು ತಿಂಗಳಿಗೊಮ್ಮೆ ಬರುತ್ತಿತ್ತು, ಕೆಲವು ಸಲ ಅದೂ ಇಲ್ಲ. ಮನೆ ಬಾಡಿಗೆ ಕಟ್ಟಿದ್ದು ಸಂಜೆ ಪಾಠದ ದುಡ್ಡು. ಇದನ್ನು ಅಪ್ಪನಿಗೆ ಮುಚ್ಚಿಡದೆ ಹೇಳು. ಡಿಗ್ರಿ ಜೊತೆಗೇ ಸೀನಿಯರ್ ಆದಮೇಲಿನ ವಿದ್ವತ್ ಪರೀಕ್ಷೆ ಮುಗಿಸುತ್ತೇನೆ, ಎರಡನೇ ವರ್ಷದಿಂದ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತೇನೆ ಅಂತಲೂ ಹೇಳು. ಒಪ್ಪದಿದ್ದರೆ ಮತ್ತೆ ಬರೆ.

ಪ್ರಶ್ನೆ: ಶ್ರುತಿಗೆ ಮೊಬೈಲ್ ಆ್ಯಪ್ ಸಾಕೇ, ತಂಬೂರಿಯೇ ಬೇಕೇ?
– ಸಂಗೀತಾಸಕ್ತ, ಅರಕಲಗೂಡು

ಉತ್ತರ: ದಿನದ ಅಭ್ಯಾಸಕ್ಕೆ ಆ್ಯಪ್ ಸಾಕು, ನಾನೂ ಬಳಸುತ್ತೇನೆ. ವಾರಕ್ಕೊಮ್ಮೆಯಾದರೂ ತಂಬೂರಿ ಹಿಡಿದು ನಾಲ್ಕೂ ತಂತಿ ನೀವೇ ಶ್ರುತಿ ಮಾಡಿ. ತಂತಿಗಳನ್ನು ಹೊತ್ತ ಕುದುರೆ (ಪುಟ್ಟ ಸೇತುವೆ) ಮೇಲಿನ ದಾರ ಸರಿಸಿದಾಗ ನಾದ ಅರಳುತ್ತದಲ್ಲ, ಅದನ್ನು ಆ್ಯಪ್ ಕಲಿಸುವುದಿಲ್ಲ. ಅಂದಹಾಗೆ, ನಿಮ್ಮದೇ ತಾಲ್ಲೂಕಿನ ರುದ್ರಪಟ್ಟಣದಲ್ಲಿ, ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರಲ್ಲಿ, ತಂಬೂರಿ ಆಕಾರದ ಮಂದಿರವೇ ಇದೆ. ನೋಡಿಲ್ಲವಾದರೆ ಈ ಭಾನುವಾರ ಹೋಗಿ ಬನ್ನಿ.

ಪ್ರಶ್ನೆ: ನಾನು ಕನ್ನಡ ಮೇಷ್ಟ್ರು, ಸ್ವಲ್ಪ ಗಮಕ (ಕಾವ್ಯವಾಚನ) ಗೊತ್ತು. ಸಂಗೀತ ವಿದ್ಯಾರ್ಥಿಗಳಿಗೆ ಸಾಹಿತ್ಯ ಪಾಠ ಮಾಡಲು ಕರೆದಿದ್ದಾರೆ. ಛಂದಸ್ಸು ಅಂದರೆ ಆಕಳಿಸುತ್ತಾರೆ. ಏನು ಮಾಡಲಿ?
– ಕಡೂರಿನ ಓದುಗ

ಉತ್ತರ: ಮೇಷ್ಟ್ರೇ, ಮೊದಲ ದಿನ ಛಂದಸ್ಸಿನ ಹೆಸರೇ ಎತ್ತಬೇಡಿ. ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಹಾಡಿಸಿ. ಹತ್ತರಲ್ಲಿ ಒಂಬತ್ತು ಜನ ‘ನಮ್ಮಮ್ಮ ನೀ ಸೌ’ ಅಂತ ನಿಲ್ಲಿಸಿ, ಉಸಿರು ತೆಗೆದುಕೊಂಡು ಮತ್ತೆ ‘ಭಾಗ್ಯದ’ ಅನ್ನುತ್ತಾರೆ. ‘ಸೌ’ ಅಂದರೆ ಏನು ಅಂತ ಕೇಳಿ. ತರಗತಿ ಗಪ್‌ಚುಪ್. ‘ಸೌಭಾಗ್ಯದ’ ಅಂತ ಗೊತ್ತಾದ ಮೇಲೆ ಅಲ್ಲಿ ಉಸಿರು ಬಿಡಲು ಅವರಿಗೇ ಮನಸ್ಸು ಬರುವುದಿಲ್ಲ.

ಆಮೇಲೆ ಷಟ್ಪದಿಗೆ ಬನ್ನಿ. ‘ಜೈಮಿನಿ ಭಾರತ’ದ ಲಕ್ಷ್ಮೀಶ ನಿಮ್ಮ ಕಡೂರು ತಾಲ್ಲೂಕಿನ ದೇವನೂರಿನವನೇ ಅಲ್ವಾ! ಅವನ ವಾರ್ಧಕ ಷಟ್ಪದಿ ಐದೈದು ಮಾತ್ರೆಯ ನಡಿಗೆ. ಸಂಗೀತದವರ ಬಾಯಲ್ಲಿ ಅದೇ ಖಂಡ, ತಕ ತಕಿಟ. ಕುಮಾರವ್ಯಾಸನ ಭಾಮಿನಿ ಮೂರು-ನಾಲ್ಕು, ಮೂರು-ನಾಲ್ಕು. ಅದು ಮಿಶ್ರ, ತಕಿಟ ತಕದಿಮಿ. ನೀವು ಓದಿ, ಅವರು ತೊಡೆ ಮೇಲೆ ತಾಳ ಹಾಕಲಿ. ಮಿಶ್ರಛಾಪು ಎಂದರೆ ಓಡಿಹೋಗುತ್ತಿದ್ದ ನನ್ನ ಒಬ್ಬ ಶಿಷ್ಯೆಗೆ ಅದನ್ನು ಹತ್ತಿಸಿದ್ದು ಕುಮಾರವ್ಯಾಸನೇ, ನಾನಲ್ಲ.

ಪ್ರಶ್ನೆ: ಮನೆಯಲ್ಲೇ ಆರು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಸರಳೆ ವರಸೆ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ತಾಯಂದಿರಿಗೆ ಬೇಗ ಒಂದು ದೇವರನಾಮ ಬರಬೇಕು.
– ಗೃಹಿಣಿ, ಹಾಸನ

ಉತ್ತರ: ದೇವರನಾಮ ಒಂದು ಹೇಳಿಕೊಡಿ ಬಿಡಿ, ತಾಯಂದಿರ ಬಾಯಿಗೆ ಅಷ್ಟು ಸಾಕು. ಸರಳೆ ಮಾತ್ರ ಬಿಡಬೇಡಿ. ಈ ಪಾಠಗಳನ್ನು ಮಾಯಾಮಾಳವಗೌಳದಲ್ಲಿ ಜೋಡಿಸಿಕೊಟ್ಟವರು ಪುರಂದರದಾಸರು ಎಂಬುದು ನಮ್ಮ ಪರಂಪರೆಯ ಮಾತು. ಆ ರಾಗ ಯಾಕೆ ಆರಿಸಿದರು ಅಂತ ನನಗೆ ತಿಳಿದದ್ದು ನಮ್ಮ ಮನೆ ಮಹಡಿ ಮೆಟ್ಟಿಲ ಮೇಲೆ.

ಸರಿಯಾಗಿ 12 ಮೆಟ್ಟಿಲು ಇವೆ. ನೆಲ ಅಂದರೆ ಸ. ಒಂದನೇ ಮೆಟ್ಟಿಲು ರಿ. ಅಲ್ಲಿಂದ ನಾಲ್ಕನೇದಕ್ಕೆ ಹಾರಿದರೆ ಗ, ಪಕ್ಕದ ಐದು ಮ. ಏಳು ಪ, ಎಂಟು ದ, ಮತ್ತೆ ಹಾರಿ ಹನ್ನೊಂದು ನಿ, ಹನ್ನೆರಡು ಮೇಲಿನ ಸ. ಕೆಳಗೆ ಹೇಗೋ ಮೇಲೂ ಹಾಗೇ. ಒಂದು ಪುಟ್ಟ ಹೆಜ್ಜೆ, ಒಂದು ನೆಗೆತ, ಮತ್ತೆ ಪುಟ್ಟ ಹೆಜ್ಜೆ. ಅರ್ಧ ಕಲಿತರೆ ಇನ್ನರ್ಧ ಪುಕ್ಕಟೆ. ಮಕ್ಕಳು ಸ್ವರ ಹಾಡುತ್ತಾ ಹತ್ತಿ ಇಳಿಯಬೇಕು, ಸ್ವರ ತಪ್ಪಿದರೆ ಮತ್ತೆ ನೆಲಕ್ಕೆ. (ನೆಗೆಯುವಾಗ ಕಂಬಿ ಹಿಡಿಯಲಿ. ಒಬ್ಬಳ ಮಂಡಿ ತರಚಿ, ಅವರಮ್ಮನ ಹತ್ತಿರ ನಾನು ಬೈಸಿಕೊಂಡಿದ್ದೇನೆ.)

ಇದು ಕಾಲಿಗೆ ಹತ್ತಿದ ಮೇಲೆ ಮಲಹರಿ ರಾಗದ ಗೀತೆಗೆ ಹೋಗಿ. ಅದೇ ಮೆಟ್ಟಿಲು, ಹತ್ತುವಾಗ ಗಾಂಧಾರ ತುಳಿಯುವ ಹಾಗಿಲ್ಲ, ಇಳಿಯುವಾಗ ತುಳಿಯಬಹುದು. ಹೋದ ತಿಂಗಳು ಎರಡನೇ ಕ್ಲಾಸಿನ ಪುಟ್ಟಿಯೊಬ್ಬಳು ನಾಲ್ಕು ಸಲ ಹತ್ತಿಳಿದು, ಮೇಲಿನ ಸ ಹತ್ತಿರ ನಿಂತುಕೊಂಡು ಕೇಳಿದಳು: ‘ಅಜ್ಜಿ, ಹನ್ನೊಂದನೇ ಮೆಟ್ಟಿಲು ಹೋಗ್ತಾನೂ ಇಲ್ಲ, ಬರ್ತಾನೂ ಇಲ್ವಾ?’