ಕಿವಿಯೊಳಗಿನ ಮೊರೆತ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನನಗೆ 58 ವರ್ಷ. ದೊಡ್ಡಬಳ್ಳಾಪುರದಲ್ಲಿ ಬಹುಕಾಲ ವಿದ್ಯುತ್ ಮಗ್ಗ ನಡೆಸಿ, ಕಳೆದ ವರ್ಷ ಮಗ್ಗಗಳನ್ನು ಮಾರಿದೆ. ಮನೆ ನಿಶ್ಶಬ್ದವಾದ ಮೇಲೆ ಎರಡೂ ಕಿವಿಗಳಲ್ಲಿ ‘ಕುಯ್ಯ್’ ಎಂಬ ಸದ್ದು ಕೇಳಿಸತೊಡಗಿದೆ. ರಾತ್ರಿ ಇನ್ನೂ ಹೆಚ್ಚು. ಶ್ರವಣ ಪರೀಕ್ಷೆಯ ವರದಿಯಲ್ಲಿ ರೇಖೆ 4000 ಹರ್ಟ್ಜ್ ಬಳಿ 60 ಡೆಸಿಬೆಲ್‌ಗೆ ಇಳಿದು, 8000ದಲ್ಲಿ ಸ್ವಲ್ಪ ಮೇಲೆದ್ದಿದೆ. ವೈದ್ಯರು ‘ಇದಕ್ಕೆ ಮಾತ್ರೆಯಿಲ್ಲ, ರೂಢಿ ಮಾಡಿಕೊಳ್ಳಿ’ ಎಂದು ಕಳುಹಿಸಿದರು. ನೆಂಟರೊಬ್ಬರು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಲು ಹೇಳುತ್ತಿದ್ದಾರೆ. ಈ ಸದ್ದು ನಿಲ್ಲುತ್ತದೆಯೇ? ನಾನು ಪೂರ್ತಿ ಕಿವುಡನಾಗುತ್ತೇನೆಯೇ?
– ಹೆಸರು ಬೇಡ, ದೊಡ್ಡಬಳ್ಳಾಪುರ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ನಿದ್ದೆ ಕೆಡಿಸುತ್ತಿರುವುದು ಸದ್ದಿಗಿಂತ ಹೆಚ್ಚಾಗಿ ಆ ಭಯವೇ ಇರಬಹುದು. ವೈದ್ಯರು ಟಿನಿಟಸ್ ಎಂದು ಕರೆಯುವ ಈ ಮೊರೆತ ಕಿವುಡುತನವನ್ನು ತರುವುದಿಲ್ಲ. 4000 ಹರ್ಟ್ಜ್ ಬಳಿ, ಅಂದರೆ ಏರುಸ್ವರಗಳಲ್ಲಿ, ಕುಸಿದು ಮತ್ತೆ ತುಸು ಮೇಲೇಳುವ ರೇಖೆ ಗದ್ದಲದಲ್ಲಿ ಬಹುಕಾಲ ದುಡಿದವರ ಕಿವಿಯ ಲಕ್ಷಣ. ಆ ಹಾನಿ ಆಗಿದ್ದು ಮಗ್ಗದ ಮನೆಯಲ್ಲಿ. ಅಲ್ಲಿಂದ ಹೊರಬಂದಿರುವುದರಿಂದ ಆ ಕಾರಣಕ್ಕೆ ಅದು ಇನ್ನು ಬೆಳೆಯುವುದಿಲ್ಲ, ವಯಸ್ಸಿನೊಂದಿಗೆ ಬರುವ ಇಳಿಕೆ ಮಾತ್ರ ಎಲ್ಲರಂತೆ ನಿಮಗೂ ಇರುತ್ತದೆ.

ಒಳಕಿವಿಯ ಬಸವನಹುಳುವಿನ ಚಿಪ್ಪಿನಂಥ ಭಾಗದಲ್ಲಿ ಹುಟ್ಟುವಾಗಲೇ ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿರುತ್ತವೆ. ಒಮ್ಮೆ ನಾಶವಾದರೆ ಅವು ಮತ್ತೆ ಹುಟ್ಟುವುದಿಲ್ಲ. ಗದ್ದಲಕ್ಕೆ ಮೊದಲು ಬಲಿಯಾಗುವುದು ಏರುಸ್ವರಗಳನ್ನು ಗ್ರಹಿಸುವ ಕೋಶಗಳು. ಅಲ್ಲಿಂದ ಬರಬೇಕಾದ ಸಂಕೇತ ಕಡಿಮೆಯಾದಾಗ ಮಿದುಳು ತನ್ನ ಗ್ರಹಣಶಕ್ತಿಯನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ, ಹಾಗೆ ಹೆಚ್ಚಿಸಿಕೊಂಡಾಗ ನರಮಂಡಲದೊಳಗಿನ ಚಟುವಟಿಕೆಯೇ ಸದ್ದಾಗಿ ಕೇಳಿಸುತ್ತದೆ ಎಂಬುದು ಇಂದು ಹೆಚ್ಚಿನ ತಜ್ಞರು ಒಪ್ಪುವ ವಿವರಣೆ. ಬೇರೆ ಕಾರಣಕ್ಕೆ ಶಸ್ತ್ರಚಿಕಿತ್ಸೆಯಲ್ಲಿ ಶ್ರವಣನರವನ್ನೇ ಕತ್ತರಿಸಬೇಕಾಗಿ ಬಂದ ಎಷ್ಟೋ ರೋಗಿಗಳಲ್ಲಿ ಮೊರೆತ ಹಾಗೆಯೇ ಉಳಿದಿದೆ. ಹೀಗಿರುವಾಗ ಕಿವಿಯ ನಾಳದಲ್ಲಿ ನಿಲ್ಲುವ ಬೆಳ್ಳುಳ್ಳಿ ಎಣ್ಣೆ ಏನು ಮಾಡೀತು? ತಮಟೆಯಲ್ಲಿ ತೂತಿದ್ದರೆ ಸೋಂಕು, ಎಣ್ಣೆ ಬಿಸಿಯಿದ್ದರೆ ಸುಟ್ಟಗಾಯ, ಇಷ್ಟೇ ಅದರಿಂದ ಬರುವ ಫಲ.

ನಿಶ್ಶಬ್ದದಲ್ಲಿ ಸದ್ದು ಹೆಚ್ಚುವುದೂ ಸಹಜವೇ. 1953ರಲ್ಲಿ ಅಮೆರಿಕದಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಮೊರೆತದ ತೊಂದರೆಯೇ ಇಲ್ಲದ 80 ಮಂದಿಯನ್ನು ಶಬ್ದನಿರೋಧಕ ಕೋಣೆಯಲ್ಲಿ ಕೆಲವು ನಿಮಿಷ ಕೂರಿಸಿದಾಗ, ಅವರಲ್ಲಿ ನೂರಕ್ಕೆ 94ರಷ್ಟು ಜನ ತಮಗೆ ಯಾವುದೋ ಸದ್ದು ಕೇಳಿಸಿತೆಂದು ಹೇಳಿದರು. ರೋಗಿಗಳ ಮೊರೆತವನ್ನು ಯಂತ್ರದ ಸ್ವರದೊಂದಿಗೆ ಹೋಲಿಸಿ ಅಳೆದರೂ ಅದು ಸಾಮಾನ್ಯವಾಗಿ ಅವರಿಗೆ ಕೇಳಿಸುವ ಕನಿಷ್ಠ ಮಟ್ಟಕ್ಕಿಂತ ಹತ್ತು ಡೆಸಿಬೆಲ್‌ನಷ್ಟೂ ಮೇಲಿರುವುದಿಲ್ಲ. ಅಂದರೆ ಸದ್ದಿನ ಗಾತ್ರಕ್ಕೂ ಅದು ಕೊಡುವ ಕಾಟಕ್ಕೂ ನೇರ ಸಂಬಂಧವಿಲ್ಲ. ಮಿದುಳು ಅದನ್ನು ಅಪಾಯದ ಸೂಚನೆಯೆಂದು ಎಣಿಸಿದಷ್ಟು ಕಾಲ ನೀವು ಅದಕ್ಕೇ ಕಿವಿಗೊಡುತ್ತೀರಿ, ಕಿವಿಗೊಟ್ಟಷ್ಟೂ ಅದು ದೊಡ್ಡದಾಗಿ ಕೇಳಿಸುತ್ತದೆ.

ಆದ್ದರಿಂದ ‘ರೂಢಿ ಮಾಡಿಕೊಳ್ಳಿ’ ಎಂದ ವೈದ್ಯರ ಮಾತು ಸುಳ್ಳಲ್ಲ. ಹೇಗೆಂದು ಹೇಳದೆ ಕಳುಹಿಸಿದ್ದು ಮಾತ್ರ ಸರಿಯಲ್ಲ. ರೂಢಿಯಾಗುವುದೆಂದರೆ ಏನೆಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಮಗ್ಗಗಳು ಓಡುತ್ತಿರುವಾಗ ಪಕ್ಕದ ಕೋಣೆಯಲ್ಲಿ ನಿಮ್ಮ ಮನೆಯವರೆಲ್ಲ ನಿದ್ದೆ ಮಾಡಿರುತ್ತಾರೆ, ಎಳೆ ಕಡಿದು ಒಂದು ಮಗ್ಗ ನಿಂತರೆ ಮಾತ್ರ ಎಚ್ಚರವಾಗಿರುತ್ತದೆ. ಅರ್ಥವಿಲ್ಲದ ಸದ್ದನ್ನು ಬದಿಗಿಡುವ ಆ ಶಕ್ತಿ ಈಗಲೂ ಇದೆ. ನಿಮ್ಮಂಥವರಲ್ಲಿ ಸದ್ದು ಪೂರ್ತಿ ನಿಲ್ಲುತ್ತದೆಂದು ಭರವಸೆ ಕೊಡಲಾರೆ, ಆದರೆ ಅದರ ಕಡೆಗೆ ಗಮನ ಹೋಗದ ಹೊತ್ತು ತಿಂಗಳುಗಳು ಕಳೆದಂತೆ ಹೆಚ್ಚುತ್ತದೆ.

ಮೊದಲ ಕೆಲಸ ಶ್ರವಣಸಾಧನದ ಪರೀಕ್ಷೆ. 60 ಡೆಸಿಬೆಲ್ ಇಳಿಕೆಗೆ ಅದು ನೆರವಾಗುವ ಸಾಧ್ಯತೆ ಹೆಚ್ಚು. ಹೊರಗಿನ ಸದ್ದು ತಕ್ಕಷ್ಟು ಒಳಬಂದರೆ ಮೊರೆತ ಹಿಂದೆ ಸರಿಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ, ಹತ್ತಿರದ ಆಡಿಯಾಲಜಿಸ್ಟ್ (ಶ್ರವಣತಜ್ಞರ) ಬಳಿಯಾಗಲಿ, ಕೊಳ್ಳುವ ಮುನ್ನ ಹಾಕಿಕೊಂಡು ನೋಡಿ. ರಾತ್ರಿ ಕೋಣೆಯನ್ನು ನಿಶ್ಶಬ್ದವಾಗಿ ಬಿಡಬೇಡಿ. ಫ್ಯಾನ್ ಹಾಕಿ, ಇಲ್ಲವೇ ರೇಡಿಯೋದಲ್ಲಿ ಎರಡು ಸ್ಟೇಷನ್‌ಗಳ ನಡುವೆ ಬರುವ ‘ಶ್’ ಎಂಬ ಸದ್ದನ್ನಿಡಿ. ಆದರೆ ಅದು ಮೊರೆತವನ್ನು ಮುಚ್ಚಿಹಾಕಬಾರದು, ಎರಡೂ ಒಟ್ಟಿಗೆ ಕೇಳಿಸುವಂತೆ ತುಸು ಕೆಳಮಟ್ಟದಲ್ಲಿರಬೇಕು, ಏಕೆಂದರೆ ಕೇಳಿಸದ ಸದ್ದಿಗೆ ಮಿದುಳು ಒಗ್ಗಿಕೊಳ್ಳುವುದಿಲ್ಲ. ‘ಈಗ ಹೆಚ್ಚಿದೆಯೋ ಕಡಿಮೆಯಿದೆಯೋ’ ಎಂದು ದಿಂಬಿಗೆ ಕಿವಿಯೊತ್ತಿ ಪರೀಕ್ಷಿಸುವ ಅಭ್ಯಾಸವಿದ್ದರೆ ಬಿಡಿ. ಗಿಂಕೋ ಎಂಬ ಮರದೆಲೆಯ ಸಾರ, ಜಿಂಕ್, ವಿಟಮಿನ್ ಮಾತ್ರೆಗಳಿಗೆ ಹಣ ಸುರಿಯಬೇಡಿ. ಪ್ರಯೋಗಗಳಲ್ಲಿ ಅವುಗಳ ಪ್ರಯೋಜನ ಸಾಬೀತಾಗಿಲ್ಲ. ಕಾಫಿ ಬಿಡಬೇಕೆಂದೂ ಇಲ್ಲ. ಇಷ್ಟಾಗಿಯೂ ಮನಸ್ಸು ಕುಗ್ಗುತ್ತಿದ್ದರೆ ಮನಃಶಾಸ್ತ್ರಜ್ಞರು ನೀಡುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ. ಅದು ಸದ್ದನ್ನು ತಗ್ಗಿಸುವುದಿಲ್ಲ, ಸದ್ದಿನ ಕಾಟವನ್ನು ತಗ್ಗಿಸುತ್ತದೆ. ಬದುಕೇ ಬೇಡವೆನಿಸಿದರೆ ತಡಮಾಡದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲಿರುಳೂ ಕನ್ನಡದಲ್ಲಿ ಮಾತನಾಡುವವರಿದ್ದಾರೆ.

ಪ್ರಶ್ನೆ: ನನಗೆ 34. ಬಲಗಿವಿಯಲ್ಲಿ ಮಾತ್ರ ‘ದಬ್ ದಬ್’ ಎಂದು ಸದ್ದಾಗುತ್ತಿದೆ. ಮೆಟ್ಟಿಲು ಹತ್ತಿದರೆ ಅದರ ವೇಗ ಹೆಚ್ಚುತ್ತದೆ. ಇದೂ ಅದೇ ತೊಂದರೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇದು ಬೇರೆ ಬಗೆಯದು, ನೀವು ಇದಕ್ಕೆ ಒಗ್ಗಿಕೊಳ್ಳುತ್ತಾ ಕೂರಬಾರದು. ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಸದ್ದು ನಾಡಿಯೊಂದಿಗೇ ಬೀಳುತ್ತಿದ್ದರೆ ನಿಮಗೆ ಕೇಳಿಸುತ್ತಿರುವುದು ಬಹುಶಃ ರಕ್ತ ಹರಿಯುವ ಸದ್ದು. ರಕ್ತಹೀನತೆ, ಥೈರಾಯ್ಡ್, ರಕ್ತದೊತ್ತಡದಂಥ ಸಾಮಾನ್ಯ ಕಾರಣಗಳಿಂದ ಹಿಡಿದು ರಕ್ತನಾಳದ ದೋಷ, ಮಧ್ಯಕಿವಿಯ ಗಡ್ಡೆಯವರೆಗೆ ಇದಕ್ಕೆ ಹಲವು ಮೂಲಗಳಿವೆ, ಅನೇಕವಕ್ಕೆ ಚಿಕಿತ್ಸೆಯೂ ಇದೆ. ತಲೆನೋವು, ದೃಷ್ಟಿ ಮಂಜಾಗುವುದು ಜೊತೆಗಿದ್ದರೆ ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿರಬಹುದು. ಆಗ ಕಣ್ಣಿನ ಪರೀಕ್ಷೆ ತುರ್ತು. ಕಿವಿ-ಮೂಗು-ಗಂಟಲು ತಜ್ಞರನ್ನು ಈ ವಾರವೇ ಕಾಣಿ, ಅವರು ಸ್ಕ್ಯಾನ್ ಹೇಳಿದರೆ ಹಿಂಜರಿಯಬೇಡಿ. ಮಿಡಿತವಿಲ್ಲದ ಮೊರೆತವೂ ಒಂದೇ ಕಿವಿಯಲ್ಲಿ ಉಳಿದು ಆ ಕಿವಿ ಮಂದವಾಗುತ್ತಿದ್ದರೆ, ಶ್ರವಣನರದ ಗಡ್ಡೆಯಿಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಬೇಕಾಗುತ್ತದೆ.

ಪ್ರಶ್ನೆ: ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ಡಿಜೆ ಪಕ್ಕ ಕುಣಿದು ಬಂದ ಮಗನಿಗೆ ಮರುದಿನ ಸಂಜೆಯವರೆಗೂ ಕಿವಿ ಗುಂಯ್‌ಗುಟ್ಟಿತು. ಈಗ ಸರಿಹೋಗಿದೆ. ತಪಾಸಣೆ ಬೇಕೇ?
– ತಾಯಿಯೊಬ್ಬರು, ಹಾಸನ

ಉತ್ತರ: ಈಗ ಸರಿಯಿದ್ದರೆ ತುರ್ತಿಲ್ಲ, ಆದರೂ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿಡುವುದು ಒಳ್ಳೆಯದು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಿಕೊಳ್ಳಬಹುದೆಂಬ ಲೆಕ್ಕವಿದೆ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತಾ ಹೋಗಿ, 100 ಡೆಸಿಬೆಲ್‌ಗೆ ಹದಿನೈದು ನಿಮಿಷವಷ್ಟೇ ಉಳಿಯುತ್ತದೆ. ಡಿಜೆ ಪೆಟ್ಟಿಗೆಗಳ ಪಕ್ಕ ಅಷ್ಟು ಸದ್ದು ಸುಲಭವಾಗಿ ದಾಟುತ್ತದೆ. ಮುಂದಿನ ವರ್ಷ ಮಗ ಮೆರವಣಿಗೆಗೆ ಹೋಗುವುದನ್ನು ನೀವು ತಡೆಯಲಾರಿರಿ, ತಡೆಯಬೇಕಾಗಿಯೂ ಇಲ್ಲ. ಔಷಧದಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಕೊಟ್ಟು ಕಳುಹಿಸಿ. ಅದನ್ನು ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಹಿಗ್ಗುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿಹಿಡಿಯಬೇಕು. ಹತ್ತಿ ತುರುಕಿದರೆ ಸಾಲದು. ಎಂದಾದರೂ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮಾತ್ರ ಮರುದಿನಕ್ಕೆ ಕಾಯದೆ ತಜ್ಞರ ಬಳಿ ಹೋಗಿ, ಏಕೆಂದರೆ ಅದಕ್ಕೆ ಕೊಡುವ ಸ್ಟೆರಾಯ್ಡ್ ಚಿಕಿತ್ಸೆ ಮೊದಲ ದಿನಗಳಲ್ಲಿ ಫಲಿಸಿದಂತೆ ಆಮೇಲೆ ಫಲಿಸುವುದಿಲ್ಲ.