‘ಅದು ನಾನು ಕೊಟ್ಟ ಬೆಂಕಿ’: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಬರೆಯಲು ಅವರ ಒಪ್ಪಿಗೆಯಿದೆ.)

ಕಾಸರಗೋಡು ಜಿಲ್ಲೆಯ ಗಡಿಭಾಗದ ಹಳ್ಳಿಯೊಂದರ ಈ ತಾಯಿಯನ್ನು ನನ್ನ ಬಳಿಗೆ ಕಳುಹಿಸಿದವರು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಪಾಲಿಯೇಟಿವ್ ದಾದಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದ ಅವರು ವರ್ಷಗಳಿಂದ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದರು, ಎರಡು ಸಲ ತಲೆಸುತ್ತಿ ಬಿದ್ದಿದ್ದರು, ಯಾಕೆ ಹೀಗೆ ಎಂದು ಕೇಳಿದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಸುಮ್ಮನಾಗುತ್ತಿದ್ದರು.

ಕಾರಣ ಹೊರಬಿದ್ದದ್ದು ಮೂರನೆಯ ಭೇಟಿಯಲ್ಲಿ. ಮೂವತ್ತು ವರ್ಷಗಳ ಹಿಂದೆ, ಏಳು ತಿಂಗಳ ಬಸುರಿಯಾಗಿದ್ದಾಗ, ತೋಟದ ಬದಿಯ ತರಗೆಲೆ ರಾಶಿಗೆ ಅವರು ಬೆಂಕಿ ಕೊಟ್ಟರು. ಅದರೊಳಗೆ ಮೊಟ್ಟೆಗಳ ಮೇಲೆ ಸುತ್ತಿ ಮಲಗಿದ್ದ ನಾಗರಹಾವು ಸುಟ್ಟುಹೋದದ್ದು ಬೆಂಕಿ ಆರಿದ ಮೇಲೆ ಕಂಡಿತು. ಹುಟ್ಟಿದ ಮಗನಿಗೆ ಇಂದಿಗೂ ನಡೆಯಲಾಗುವುದಿಲ್ಲ, ಮಾತು ಬರುವುದಿಲ್ಲ. ಜ್ಯೋತಿಷಿಗಳಿಂದ ಇಡಿಸಿದ ಅಷ್ಟಮಂಗಲ ಪ್ರಶ್ನೆಯಲ್ಲಿ ಸರ್ಪದೋಷ ಕಂಡುಬಂದು, ಅದರ ಪರಿಹಾರಕ್ಕೆ ಸರ್ಪಸಂಸ್ಕಾರವೂ ಆಶ್ಲೇಷಾ ಬಲಿಯೂ ನಡೆದವು. ಮಗನಲ್ಲಿ ಬದಲಾವಣೆ ಕಾಣದಾಗ, ಇನ್ನೂ ತೀರದ ಪಾಪ ಉಳಿದಿದೆಯೆಂದು ಅವರೇ ತೀರ್ಮಾನಿಸಿ ಒಪ್ಪೊತ್ತಿನ ಊಟ ಮತ್ತು ಬರಿನೆಲದ ನಿದ್ರೆಯ ವ್ರತ ಹಿಡಿದರು. “ಅದು ನಾನು ಕೊಟ್ಟ ಬೆಂಕಿ ಮೇಡಂ. ಅದರ ಹೊಟ್ಟೆ ಉರಿಸಿದೆ, ನನ್ನ ಹೊಟ್ಟೆ ಉರಿಯಿತು” ಎಂದರು.

ಆ ವರ್ಷಗಳ ಬೇರೆ ನೆನಪುಗಳನ್ನು ಕೇಳಿದಾಗ, ಮಳೆ ಬಿಸಿಲಿನ ವಿಚಾರ ಹೇಳುವಷ್ಟೇ ಸಹಜವಾಗಿ, ಹೆಲಿಕಾಪ್ಟರ್ ಬರುವ ದಿನ ಬಾವಿಗೆ ತೆಂಗಿನ ಮಡಲು ಮುಚ್ಚುತ್ತಿದ್ದೆವು ಎಂದರು. ಜಿಲ್ಲೆಯ ಸುಮಾರು 4,600 ಹೆಕ್ಟೇರ್ ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲಿ ನಿಲ್ಲಿಸಿತು, 2017ರಲ್ಲಿ ಅದರಿಂದ ಅಂಗವೈಕಲ್ಯಕ್ಕೂ ರೋಗಕ್ಕೂ ತುತ್ತಾದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಈ ಮಗನ ಹೆಸರು ಸಂತ್ರಸ್ತರ ಪಟ್ಟಿಯಲ್ಲಿದೆ, ಹಣವೂ ಬಂದಿದೆ. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟಿದ್ದ ಪಾಸ್‌ಬುಕ್ಕನ್ನು ಅವರು ನನ್ನೆದುರು ಬಿಚ್ಚಿದಾಗ, ಅದರಿಂದ ಒಂದು ರೂಪಾಯಿಯೂ ತೆಗೆದಿರಲಿಲ್ಲ. ಪಾಪ ತನ್ನದಾಗಿರುವಾಗ ಪರಿಹಾರ ಪಡೆಯುವುದು ಕಳ್ಳತನವೆಂದು ಅವರು ನಂಬಿದ್ದರು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಕರ್ಮ ಮಾಡಿದವರಿಗೇ ಅಂಟುತ್ತದೆ, ಒಬ್ಬರದು ಇನ್ನೊಬ್ಬರಿಗೆ ದಾಟುವುದಿಲ್ಲ. ಕರ್ಮವನ್ನು ಆತ್ಮಕ್ಕೆ ಅಂಟುವ ಸೂಕ್ಷ್ಮ ದ್ರವ್ಯವೆಂದೇ ಹೇಳುವ ಜೈನಮತದಲ್ಲಿಯೂ ಅದು ಆಯಾ ಜೀವದ್ದೇ. ಹಾಗಾಗಿ ನಿಮ್ಮ ಬೆಂಕಿಯ ಫಲ ಮಗನಿಗೆ ಹೋಗಲಾರದು ಎಂದು ಸಮಾಧಾನ ಹೇಳಲು ಹೋದೆ. ಅವರು ಬಹಳ ಹೊತ್ತು ನೆಲ ನೋಡುತ್ತಾ ಕುಳಿತು, “ಹಾಗಾದರೆ ಅವನದ್ದೇ ಪಾಪವಾ?” ಎಂದು ಕೇಳಿದರು. ಮುಂದಿನ ವಾರ ಬರಲಿಲ್ಲ. ತಾಯಿಯ ತಲೆಯ ಮೇಲಿನ ಹೊರೆಯನ್ನು ಇಳಿಸುವ ಆತುರದಲ್ಲಿ ನಾನು ಅದನ್ನು ಮಾತು ಬಾರದ ಮಗನ ಮೇಲೆ ಇಟ್ಟಿದ್ದೆ. ಆಪ್ತಸಲಹೆಯಲ್ಲಿರುವ ನನ್ನ ಕಿರಿಯ ಸಹೋದ್ಯೋಗಿಗಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ: ಸಿದ್ಧಾಂತವಾಗಿ ಸರಿಯಾದ ಮಾತು, ಕೇಳುವವರ ಮನೆಯೊಳಗೆ ಹೋಗಿ ಏನಾಗುತ್ತದೆಂದು ಯೋಚಿಸದೆ ಆಡಬಾರದು.

ದಾದಿಯ ಜೊತೆ ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆ ದಿನ ಅವರ ನೆರೆಯ ಬ್ಯಾರಿ ಹೆಂಗಸೂ ಅಲ್ಲಿದ್ದರು. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂದು ಕುರಾನ್ ಹೇಳುತ್ತದೆ, ಈ ಮಗು ಯಾವ ತಪ್ಪನ್ನೂ ಮಾಡಿಲ್ಲ ಎಂದು ಅವರು ಹೇಳಿದರು. ನಾನು ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದ ಪ್ರಸಂಗ ಹೇಳಿದೆ. ಹುಟ್ಟುಕುರುಡನನ್ನು ತೋರಿಸಿ ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ತಂದೆತಾಯಿಯೂ ಅಲ್ಲ ಎಂದ ಯೇಸುವಿನ ಉತ್ತರವನ್ನು ತಾಯಿ ಮತ್ತೊಮ್ಮೆ ಹೇಳಿಸಿಕೊಂಡರು. ಬುದ್ಧನ ಎರಡು ಮಾತುಗಳನ್ನು ಮುಂದಿನ ಭೇಟಿಗಳಲ್ಲಿ ಸಾವಕಾಶವಾಗಿ ಚರ್ಚಿಸಿದೆವು. ಚೇತನೆಯನ್ನೇ, ಅಂದರೆ ಸಂಕಲ್ಪವನ್ನೇ, ತಾನು ಕರ್ಮವೆನ್ನುತ್ತೇನೆ ಎಂಬುದು ಒಂದು. ಅನುಭವಿಸುವುದೆಲ್ಲ ಹಿಂದಿನ ಕರ್ಮದಿಂದಲೇ ಬರುತ್ತದೆಯೇ ಎಂದು ಸೀವಕನೆಂಬ ಪರಿವ್ರಾಜಕನು ಕೇಳಿದಾಗ, ಪಿತ್ತ, ಕಫ, ವಾತ, ಋತುವಿನ ಬದಲಾವಣೆ ಮುಂತಾಗಿ ಎಂಟು ಕಾರಣಗಳನ್ನು ಹೇಳಿ, ಕರ್ಮವನ್ನು ಅವುಗಳಲ್ಲಿ ಒಂದಾಗಿ ಮಾತ್ರ ಎಣಿಸಿದ್ದು ಇನ್ನೊಂದು. ಹಾವು ಅಲ್ಲಿದೆಯೆಂದು ಗೊತ್ತಿದ್ದರೆ ಬೆಂಕಿ ಕೊಡುತ್ತಿದ್ದಿರಾ ಎಂದು ಕೇಳಿದೆ. ಅವರು ಬೆಚ್ಚಿ, ಇಲ್ಲವೇ ಇಲ್ಲ ಎಂದರು.

ಆದರೂ ಅವರ ಮನಸ್ಸು ನೆಲೆ ನಿಲ್ಲಬೇಕಾದದ್ದು ಅವರ ನಂಬಿಕೆಯಲ್ಲಿಯೇ. ಕರ್ಮದ ಗತಿ ಗಹನವೆಂದು ಗೀತೆಯೇ ಹೇಳಿರುವಾಗ, ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತ ಬಂಧುಗಳು ಇಂಥ ಮಗುವಿಗೆ ಇಂಥದೇ ಕಾರಣವೆಂದು ತೀರ್ಪು ಕೊಡುವುದು ನನಗೆ ಸಿಟ್ಟು ತರಿಸುತ್ತದೆ. ಆ ಮಗನಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ತಾಯಿಯ ಒಪ್ಪಿಗೆ ಪಡೆದು, ಹಿಂದೆ ಸಂಸ್ಕಾರ ನಡೆಸಿಕೊಟ್ಟ ಪುರೋಹಿತರನ್ನು ಭೇಟಿಯಾದೆ. ವಿಧಿಪೂರ್ವಕ ಮುಗಿದ ಪ್ರಾಯಶ್ಚಿತ್ತಕ್ಕೆ ಬಾಕಿ ಎಂಬುದಿಲ್ಲ, ಔಷಧಿ ತೆಗೆದುಕೊಳ್ಳುವವರು ಉಪವಾಸ ಮಾಡಬೇಕಾಗಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿ, ಷಷ್ಠಿಯ ದಿನ ನಾಗಬನದಲ್ಲಿ ಹಾಲೆರೆದು ವ್ರತಕ್ಕೆ ಮಂಗಳ ಮಾಡಿಸಿದರು. ನನ್ನ ಹತ್ತು ಭೇಟಿಗಳಿಗಿಂತ ಆ ಒಂದು ಬೆಳಗು ಹೆಚ್ಚು ಕೆಲಸ ಮಾಡಿತು.

ಕೊಟ್ಟ ಸಲಹೆ ಇಷ್ಟು. ಮಾತ್ರೆ ನುಂಗುವ ಹೊತ್ತಿಗೆಲ್ಲ ಊಟ ಆಗಲೇಬೇಕು, ಸಕ್ಕರೆಯ ಪರೀಕ್ಷೆ ತಪ್ಪಿಸಬಾರದು. ಯಾರಾದರೂ ಕರ್ಮದ ಮಾತು ತೆಗೆದರೆ ವಾದಕ್ಕೆ ನಿಲ್ಲದೆ, “ಅವನ ಎದುರು ಅದು ಬೇಡ” ಎಂದಷ್ಟೇ ಹೇಳಬೇಕು. ಈ ವಾಕ್ಯವನ್ನು ಅವರು ನನ್ನೆದುರು ಹಲವು ಸಲ ಹೇಳಿ ಅಭ್ಯಾಸ ಮಾಡಿದರು. ವಾರಕ್ಕೆ ಒಂದು ಮಧ್ಯಾಹ್ನ ಮಗನನ್ನು ನೆರೆಮನೆಯವರಿಗೆ ಒಪ್ಪಿಸಿ ನಿದ್ರೆ ಮಾಡಬೇಕು. ಬ್ಯಾಂಕಿನ ಹಣ ಮಗನದು, ತಾಯಿಯ ಪಾಪಪುಣ್ಯದ ಲೆಕ್ಕಕ್ಕೆ ಅದನ್ನು ತಡೆದಿಡುವ ಹಕ್ಕು ತಾಯಿಗಿಲ್ಲ ಎಂಬ ಮಾತನ್ನು ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಕಳೆದ ತಿಂಗಳು ಆ ಹಣದಿಂದ ಮಗನಿಗೆ ಗಾಳಿಹಾಸಿಗೆ ತಂದರು. ಬೆನ್ನಿನ ಹುಣ್ಣು ಒಣಗುತ್ತಿದೆಯೆಂದು ದಾದಿ ತಿಳಿಸಿದ್ದಾರೆ. ತಾಯಿ ಈಗ ರಾತ್ರಿಯೂ ಗಂಜಿ ಉಣ್ಣುತ್ತಾರೆ, ಮಗನಿಗೆ ಒಂದು ಚಮಚ, ತನಗೊಂದು ಚಮಚ. ನೆಲದ ಮೇಲೆ ಮಲಗುವುದನ್ನು ಇನ್ನೂ ಬಿಟ್ಟಿಲ್ಲ. ಮುಂದಿನ ಭೇಟಿಯಲ್ಲಿ ಆ ಮಾತು ತೆಗೆಯುವೆನೆಂದು ಅವರೇ ಹೇಳಿಹೋಗಿದ್ದಾರೆ.