ದಾವಣಗೆರೆಯಲ್ಲಿ ಪಿಯು ಕಾಮರ್ಸ್ ಮುಗಿಸಿ ಮಲೇಷ್ಯಾದ ವಿದೇಶಿ ಕ್ಯಾಂಪಸ್ಸಿನಲ್ಲಿ ಬಿಸಿನೆಸ್ ಪದವಿ ಓದಬಹುದೇ?

ಧಾರಾಳವಾಗಿ ಓದಬಹುದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ 1998ರಿಂದ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯ 2000ದಿಂದ ಅಲ್ಲಿ ಕ್ಯಾಂಪಸ್ ನಡೆಸುತ್ತಿವೆ. ಬಿಸಿನೆಸ್ ಪದವಿ ಸಾಮಾನ್ಯವಾಗಿ 3 ವರ್ಷ. ಪದವಿ ಮೂಲ ವಿಶ್ವವಿದ್ಯಾಲಯದ್ದೇ, ಖರ್ಚು ಮಾತ್ರ ಆ ದೇಶಗಳಿಗೇ ಹೋಗಿ ಓದುವುದಕ್ಕಿಂತ ಕಡಿಮೆ. ಇಂಗ್ಲೆಂಡಿನದೇ ಸೌತಾಂಪ್ಟನ್ ವಿಶ್ವವಿದ್ಯಾಲಯ 2025ರಲ್ಲಿ ನಮ್ಮ ದೇಶದ ಗುರುಗ್ರಾಮದಲ್ಲೇ ಕ್ಲಾಸು ಶುರು ಮಾಡಿದೆ, ಅದನ್ನೂ ನೋಡಿ.

ನಮ್ಮ ಕಡೆಯ ಮಕ್ಕಳಿಗೆ ಕಷ್ಟವಾಗುವುದು ಅಕೌಂಟ್ಸ್ ಅಲ್ಲ, ಟ್ಯುಟೋರಿಯಲ್, ಅಂದರೆ ಚಿಕ್ಕ ಗುಂಪಿನ ಚರ್ಚೆಯ ಕ್ಲಾಸು. ಒಂದು ಕಂಪನಿಯ ಸಮಸ್ಯೆಯನ್ನು ಮೊದಲೇ ಓದಿಕೊಂಡು ಹೋಗಿ, ಎಲ್ಲರೆದುರು ವಾದ ಮಾಡಬೇಕು. ಗೈಡ್ ಉರು ಹೊಡೆದರೆ ನಡೆಯಲ್ಲ. ಆಕರ ಹೇಳದೆ ಬರೆದರೆ ಅದು ಕೃತಿಚೌರ್ಯ. ಇದಕ್ಕೆ ಅಭ್ಯಾಸವಾಗಲಿ ಅಂತ, ಮಲೇಷ್ಯಾಕ್ಕೆ ಹೋಗುವ ಮುಂಚೆ ಊರಿನ ಒಂದು ಮಂಡಕ್ಕಿ ಭಟ್ಟಿಗೆ ಹೋಗಿ ಬನ್ನಿ. ಭತ್ತದ ದರ ಏರಿದಾಗ ಚೀಲದ ಬೆಲೆ ಏರಿಸ್ತಾರೋ, ಲಾಭ ಬಿಟ್ಟುಕೊಡ್ತಾರೋ ಕೇಳಿ, ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ನೋಡಿ.

ಇನ್ನು ಸಾಲ. 7.5 ಲಕ್ಷ ಮೀರಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ಚನ್ನಗಿರಿಯಲ್ಲಿ ಅಡಿಕೆ ತೋಟ ಇದೆಯಲ್ಲ ಅಂತ ನೆಚ್ಚಿಕೊಳ್ಳಬೇಡಿ. ಕೃಷಿ ಜಮೀನನ್ನು ಎಷ್ಟೋ ಬ್ಯಾಂಕುಗಳು ಒಪ್ಪುವುದಿಲ್ಲ, ಮನೆ ಅಥವಾ ಸೈಟಿನ ಪತ್ರ ಬೇಕು. ಸೀಟಿಗೆ ದುಡ್ಡು ಕಟ್ಟುವ ಮೊದಲೇ ಬ್ಯಾಂಕ್ ಮ್ಯಾನೇಜರ್ ಹತ್ತಿರ ಮಾತಾಡಿ, ಏಜೆಂಟ್ ಮಾತು ಆಮೇಲೆ.